ನಿಮ್ಮ ಲೆಕ್ಕದಲ್ಲಿ ಚನ್ನಕ್ಕನ ಕಾಲಿಗೆ ಹುಣ್ಣಿಲ್ಲ

ಹೊಸೂರು ರಸ್ತೆಯ ಗಾಜಿನ ಕಟ್ಟಡದಲ್ಲಿ ಕುಳಿತು ನಮ್ಮ ಆರೋಗ್ಯವನ್ನು ಸಂಶೋಧಿಸುತ್ತಿರುವ ಮಾನ್ಯ ನಿರ್ದೇಶಕರೇ,

ಚನ್ನಕ್ಕನ ಬಲಗಾಲಿನ ಹೆಬ್ಬೆರಳಿಗೆ ಹುಣ್ಣಾಗಿದೆ. ನಿಮ್ಮ ಕೇಂದ್ರ ಆಗಿಲ್ಲ ಎನ್ನುತ್ತದೆ. ನಮ್ಮ ಜಗಳ ಇಷ್ಟೇ. ಇದನ್ನು ತೀರ್ಮಾನಿಸಲು ಎರಡು ಕಣ್ಣು ಸಾಕಿತ್ತು. ನೀವು ಮೂರು ವಿಭಾಗಗಳನ್ನು ಕೂಡಿಸಿದ್ದೀರಿ. ಡಿಜಿಟಲ್ ಶಿಕ್ಷಣದವರು ಮೊಬೈಲಿಗೆ ಪಾಠ ಕಳಿಸುತ್ತಾರೆ. ಪಾಠ ಕೇಳಿದವರ ಸಕ್ಕರೆ ಎಷ್ಟು ಇಳಿದಿರಬೇಕೆಂದು ಗಣಿತದವರು ಸಮೀಕರಣ ಹಾಕುತ್ತಾರೆ. ವೈದ್ಯರು ಆ ಸಮೀಕರಣವನ್ನು ಪರೀಕ್ಷಿಸುತ್ತಾರೆ. ರೋಗಿಯನ್ನು ಪರೀಕ್ಷಿಸುವ ವಿಭಾಗ ಯಾವುದೆಂದು ವಿಚಾರಿಸಿದೆ. ಸ್ವಾಗತದ ಮೇಜಿನಲ್ಲಿದ್ದವರು ಕುಡಿಯಲು ನೀರು ಕೊಟ್ಟರು.

ಚನ್ನಕ್ಕನನ್ನು ಈ ಪತ್ರಿಕೆಯ ಓದುಗರಿಗೆ ಪರಿಚಯಿಸಬೇಕು. ನಿಮಗೆ ಬೇಕಿಲ್ಲ, ನಿಮ್ಮಲ್ಲಿ ಆಕೆ ಈಗಾಗಲೇ ಗ್ರಾಫ್ ಆಗಿದ್ದಾಳೆ. ಕೊಪ್ಪಳದ ಕಡೆಯವಳು. ಚಂದಾಪುರದ ವಠಾರದಲ್ಲಿ ನನ್ನ ಪಕ್ಕದ ಕೋಣೆ. ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ನಿಂತು ಇಸ್ತ್ರಿ ಹಾಕುವ ಕೆಲಸ, ಜೊತೆಗೆ ಸಕ್ಕರೆ ಕಾಯಿಲೆ. ಕಾರ್ಖಾನೆಯವರೇ ಆಕೆಯನ್ನು ನಿಮ್ಮ ಅಧ್ಯಯನಕ್ಕೆ ಸೇರಿಸಿದರು. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಪಾಠ ಬರುತ್ತದೆ. ಹನ್ನೆರಡರೊಳಗೆ ಪ್ರಶ್ನೆಗಳಿಗೆ ಉತ್ತರ ಒತ್ತದಿದ್ದರೆ ನೀವು ಕೊಡುವ ಮಾತ್ರೆ ನಿಲ್ಲುತ್ತದೆ. ಅದೇ ಕಾರ್ಖಾನೆ ಗೇಟಿನೊಳಗೆ ಮೊಬೈಲ್ ಬಿಡುವುದಿಲ್ಲ!

ಹಾಗಾಗಿ ವಠಾರದ ಹೆಂಗಸರೆಲ್ಲ ತಮ್ಮ ಮೊಬೈಲನ್ನು ಓನರ್ ಮನೆಯ ನಾಗಲಕ್ಷ್ಮಮ್ಮನ ಬಳಿ ಬಿಟ್ಟು ಕೆಲಸಕ್ಕೆ ಹೋಗುತ್ತಾರೆ. ಅವರ ಟೀವಿಯ ಮುಂದೆ ಹಗಲಿಡೀ ಮೊಬೈಲುಗಳ ಸಾಲು. ಯಾವುದು ಬಡಿದುಕೊಂಡರೂ ಎತ್ತಿ, "ಅವ್ಳು ಡ್ಯೂಟಿಗೋಗವ್ಳೆ, ಸಂಜೀಕ್ ಮಾಡ್ರಪ್ಪ" ಎನ್ನುತ್ತಾರೆ. ಚನ್ನಕ್ಕನ ಮಾತ್ರೆ ನಿಲ್ಲಬಾರದೆಂದು ಪಾಠವನ್ನೂ ಅವರೇ ಕೇಳಿದರು, ಉತ್ತರವನ್ನೂ ಅವರೇ ಒತ್ತಿದರು. ಕೇಳುತ್ತಾ ಕೇಳುತ್ತಾ ಭಕ್ತಿ ಹುಟ್ಟಿತು. ಅನ್ನ ಬಿಟ್ಟು ಮುದ್ದೆಗೆ ಮರಳಿದರು. ಸಂಜೆ ಪಾದ ತೊಳೆದು, ಒರೆಸಿ, ಬೆರಳ ಸಂದಿಗೆಲ್ಲ ಟಾರ್ಚ್ ಬಿಟ್ಟು ನೋಡಿಕೊಳ್ಳುತ್ತಾರೆ. ಆನೇಕಲ್ ತಾಲ್ಲೂಕಿನಲ್ಲಿ ಅಂಥ ಪಾದಗಳಿಲ್ಲ. ಅವರಿಗೆ ಸಕ್ಕರೆ ಕಾಯಿಲೆಯೂ ಇಲ್ಲ. ಇತ್ತ ನಿಮ್ಮ ಲೆಕ್ಕದಲ್ಲಿ ಚನ್ನಕ್ಕ ಮೊದಲ ಸ್ಥಾನಕ್ಕೇರಿದಳು. ಸಮೀಕರಣ ಸಂತೋಷಪಟ್ಟು ಆಕೆಯ ಮಾತ್ರೆಯನ್ನು ಅರ್ಧ ಮಾಡಿತು.

ಆಮೇಲೆ ಹುಣ್ಣು ಬಂತು. ಚಂದಾಪುರದ ಡಾಕ್ಟರು ಕಟ್ಟು ಕಟ್ಟಿ, "ನಿಂತು ಮಾಡೋ ಕೆಲಸ ಬಿಡಿ, ಇಲ್ಲ ಬೆರಳು ಬಿಡಿ" ಎಂದರು. ರಜೆ ಬೇಕಾದರೆ ಕಾರ್ಖಾನೆ ನಿಮ್ಮ ಕೇಂದ್ರದ ಚೀಟಿಯನ್ನಷ್ಟೇ ಒಪ್ಪುತ್ತದೆ. ಆಕೆಯನ್ನು ನಾನೇ ಕರೆತಂದೆ. ನಿಮ್ಮ ಯುವ ವೈದ್ಯರು ಪರದೆ ನೋಡಿದರು.

"ಸೂಪರ್ ಅಮ್ಮ! ನಿಮ್ಮ ಕಾಲು ತುಂಬಾ ಚೆನ್ನಾಗಿದೆ."

"ಸಾಹೇಬ್ರ, ಕಾಲು ಅಲ್ಲಿಲ್ರಿ, ಇಲ್ಲೈತಿ. ಕೆಳಗ ನೋಡ್ರಿ."

"ಮಾಡೆಲ್ ಪ್ರಕಾರ ನಿಮಗೆ ಹುಣ್ಣಾಗೋ ಚಾನ್ಸೇ ಇಲ್ಲ."

"ಹಂಗಂತ ನೀವ ಅದಕ್ಕ ಹೇಳ್ರಿ. ನನ್ನ ಮಾತು ಕೇಳವಲ್ದು."

ರಕ್ತವನ್ನಾದರೂ ಪರೀಕ್ಷಿಸಿ ಎಂದೆ. ರಕ್ತ ತೆಗೆಯದೆ ಹೇಳುವುದೇ ಈ ಸಂಶೋಧನೆಯ ಹೊಸತನವಂತೆ, ತೆಗೆದರೆ ಹೊಸತನ ಕೆಡುತ್ತದಂತೆ. ಬೇರೆ ಕಡೆ ಮಾಡಿಸಿದ ವರದಿಯನ್ನು ಮುಂದಿಟ್ಟೆ. ಅವರ ಮುಖ ಬಾಡಿತು. "ನಿಮ್ಮ ಬ್ಲಡ್ಡು ಸ್ವಲ್ಪ ಹಿಂದೆ ಬಿದ್ದಿದೆ ಅಮ್ಮ, ಹೀಗಾದರೆ ಹೇಗೆ?" ಎಂದು ಚನ್ನಕ್ಕನನ್ನೇ ಗದರಿದರು.

ಸ್ವಾಮಿ, ನಾನು ಗೋದಾಮಿನಲ್ಲಿ ಪಾರ್ಸೆಲ್ ಎತ್ತುವವನು. ಬಸ್ ನಿಲ್ದಾಣದಲ್ಲಿ ಹಂಚುವ ಕರಪತ್ರಗಳೇ ನನ್ನ ಕಾಲೇಜು. ಯಾರು ಹೇಳಿದರೂ ನಂಬಬೇಡ, ಕಣ್ಣಾರೆ ಕಂಡು ಒಪ್ಪು ಎಂದು ಆ ಪುಕ್ಕಟೆ ಹಾಳೆಗಳಲ್ಲಿ ಓದಿ, ವಿಜ್ಞಾನವೆಂದರೆ ಅದೇ ಇರಬೇಕೆಂದುಕೊಂಡೆ. ಆ ಹುಮ್ಮಸ್ಸಿನಲ್ಲಿ ನಮ್ಮೂರಿನ ಕವಡೆ ಶಾಸ್ತ್ರದವನ ಜೊತೆ ಜಗಳವಾಡಿದ್ದೂ ಉಂಟು. ಈಗ ಅವನ ಕ್ಷಮೆ ಕೇಳಬೇಕೆನಿಸುತ್ತಿದೆ. ಅವನು ಕವಡೆ ಹಾಕುವ ಮುನ್ನ ಎದುರು ಕೂತವರ ಮುಖವನ್ನಾದರೂ ನೋಡುತ್ತಿದ್ದ. ಮನುಷ್ಯ ಸಮೀಕರಣಕ್ಕೆ ಹೊಂದದಿದ್ದರೆ ಮನುಷ್ಯನನ್ನೇ ತಿದ್ದಬೇಕೆಂದು ಯಾವ ಗಣಿತದಲ್ಲಿದೆ? ಪಾಠ ಕೇಳಿದ್ದು ಮೊಬೈಲು, ಪಾಸಾದದ್ದು ಮೊಬೈಲು; ಹಾಗಾದರೆ ಆ ಅರ್ಧ ಮಾತ್ರೆಯನ್ನೂ ಮೊಬೈಲಿಗೇ ನುಂಗಿಸಬಹುದಿತ್ತಲ್ಲ?

ನೀವು ಚೀಟಿ ಕೊಡಲಿಲ್ಲ, ಸನ್ಮಾನ ಕೊಟ್ಟಿರಿ. ವಿಚಾರಸಂಕಿರಣದಲ್ಲಿ ಚನ್ನಕ್ಕನನ್ನು 'ಆದರ್ಶ ಕಲಿಕಾರ್ಥಿ' ಎಂದು ಕರೆದು ಪೇಟ ತೊಡಿಸಿ ಶಾಲು ಹೊದಿಸಿದಿರಿ. ಫೋಟೋದವನು, ಮೊಣಕಾಲಿನ ಮೇಲೆ ಬಂದರೆ ಸಾಕು ಎಂದ. ನಮ್ಮ ಜೊತೆ ಬಂದಿದ್ದ ನಾಗಲಕ್ಷ್ಮಮ್ಮ ತಡೆಯಲಾರದೆ ಮೈಕ್ ಹಿಡಿದರು.

"ಸಾರ್, ಪಾಠ ಕೇಳಿದ್ದು ಇವ್ಳಲ್ಲ, ನಾನು ಕಣ್ರಪ್ಪ!"

ಚಪ್ಪಾಳೆ. ಕಲಿಕೆ ನೆರೆಮನೆಗೂ ಹರಡಿದೆ ಎಂದು ಶಿಕ್ಷಣ ವಿಭಾಗದವರು ಬರೆದುಕೊಂಡರು.

"ನಂಗೆ ಶುಗರ್ರೇ ಇಲ್ಲ ಸಾರ್!"

ಇನ್ನೂ ಜೋರಾದ ಚಪ್ಪಾಳೆ. ಕಾಯಿಲೆ ಸಂಪೂರ್ಣ ವಾಸಿ ಎಂದು ವೈದ್ಯಕೀಯ ವಿಭಾಗದವರು ಬರೆದುಕೊಂಡರು.

ಮರಳುವ ಬಸ್ಸಿನಲ್ಲಿ ಸಿಂಗಸಂದ್ರ ದಾಟುವ ಹೊತ್ತಿಗೆ ನಾಗಲಕ್ಷ್ಮಮ್ಮ ನನ್ನ ಕಡೆ ತಿರುಗಿ ಅಳತೊಡಗಿದರು. "ಒಳ್ಳೇದಾಗ್ಲಿ ಅಂತ ಒತ್ತಿದ್ನಲ್ಲೋ ಯಮನೂರಾ, ಇಂಗಾಗೋಯ್ತಲ್ಲ."

ಚನ್ನಕ್ಕ ಪೇಟವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. "ಅಳಬ್ಯಾಡ್ರೀ ಅಮ್ಮಾರ. ಪಾಸಾದಾಕಿ ನೀವು, ಫೇಲಾದಾಕಿ ನಾನು. ಹೆಸರು ಒಂದ ಐತಿ, ಏನ್ ಮಾಡೂದು?"

ಅದರ ಮುಂದಿನ ಸೋಮವಾರದಿಂದ ನಾನು ವಠಾರದಲ್ಲಿ ತಪ್ಪು ಉತ್ತರ ಚಳವಳಿ ಆರಂಭಿಸಿದೆ. 'ಪಾದಕ್ಕೆ ಹುಣ್ಣಾದರೆ ಏನು ಮಾಡಬೇಕು?' ಎಂಬ ಪ್ರಶ್ನೆಗೆ ನಾಗಲಕ್ಷ್ಮಮ್ಮ ಹಲ್ಲು ಕಚ್ಚಿ, 'ಏನೂ ಮಾಡಬೇಕಿಲ್ಲ' ಎಂದು ಒತ್ತಿದರು. ಮುದ್ದೆ ತಿರುವಿ ಮುಗಿಸುವಷ್ಟರಲ್ಲಿ ನಿಮ್ಮ ಕೇಂದ್ರದಿಂದ ಕರೆ ಬಂತು. ಉತ್ತರ ಬಹಳ ಅಪಾಯಕಾರಿಯಂತೆ; ತಕ್ಷಣ ವೈದ್ಯರಿಗೆ ಕಾಲು ತೋರಿಸಬೇಕಂತೆ! ಮಾನ್ಯರೇ, ಅದೇ ಉತ್ತರವನ್ನು ನಿಮ್ಮ ವೈದ್ಯರು ಚನ್ನಕ್ಕನ ಮುಖಕ್ಕೇ ಹೇಳಿದಾಗ ಅವರಿಗೆ ಯಾರು ಕರೆ ಮಾಡಿದರು?

ನಿಮ್ಮದೇ ಪಾಠದ ಸರಿಯುತ್ತರವನ್ನು ನಿಮ್ಮಿಂದ ಕೇಳುತ್ತಿದ್ದೇವೆ. ಈ ಪತ್ರ ಅಚ್ಚಾದ ಬೆಳಿಗ್ಗೆ ಚನ್ನಕ್ಕ ನಿಮ್ಮ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿರುತ್ತಾಳೆ. ನಿಮ್ಮ ವೈದ್ಯರೊಬ್ಬರು ಹೊರಗೆ ಬರಲಿ. ಹುಣ್ಣಿದೆ ಎಂದು ಚೀಟಿ ಬರೆಯಲಿ, ಮಾತ್ರೆ ಸರಿಪಡಿಸಲಿ. ಇದಕ್ಕೆ ಸಮೀಕರಣ ಬೇಡ, ನೆಟ್‌ವರ್ಕ್ ಬೇಡ. ಸೊಂಟ ಸ್ವಲ್ಪ ಬಗ್ಗಿದರೆ ಸಾಕು.

ಇಂತಿ,
ನಿಮ್ಮ ಲೆಕ್ಕದ ಪ್ರಕಾರ ಇಷ್ಟು ಹೊತ್ತಿಗೆ ಸಂತೃಪ್ತನಾಗಿರಬೇಕಾಗಿದ್ದ
ಯಮನೂರ
ಚಂದಾಪುರ