ದ್ರಾಕ್ಷಿಗೆ ಸಿಕ್ಕ ಶಸ್ತ್ರಚಿಕಿತ್ಸೆ

ಆರೋಗ್ಯ ಇಲಾಖೆಯ ನಿರ್ದೇಶಕರೇ,

‘ಮಾನ್ಯರೇ’ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ನನ್ನ ಅಕ್ಕ ಮೂತ್ರಕೋಶದ ಕ್ಯಾನ್ಸರ್ ಇಟ್ಟುಕೊಂಡು ಹನ್ನೊಂದು ವಾರ ಕಾದಳು. ಅವಳಿಗೆ ಶಸ್ತ್ರಚಿಕಿತ್ಸೆ ಮಾಡಬೇಕಿದ್ದ ವೈದ್ಯರನ್ನೂ ರೋಬೋಟನ್ನೂ ಅಷ್ಟು ದಿನವೂ ನೀವು ನಿಮ್ಮ ಇಲಾಖೆಯ ವಸ್ತುಪ್ರದರ್ಶನದ ಮಳಿಗೆಯಲ್ಲಿ ನಿಲ್ಲಿಸಿಕೊಂಡಿದ್ದಿರಿ.

ಅಕ್ಕ ಬಸ್ ಚಾಲಕಿ. ಮೂತ್ರದಲ್ಲಿ ರಕ್ತ ಕಂಡರೂ ‘ಉಷ್ಣ’ ಎಂದು ತಳ್ಳಿಹಾಕಿದವಳನ್ನು ನಾನೇ ಆಸ್ಪತ್ರೆಗೆ ಎಳೆದೊಯ್ದೆ. ವೈದ್ಯರು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು: ಹೊಟ್ಟೆಗೆ ಆರು ಸಣ್ಣ ತೂತು, ಅವುಗಳ ಮೂಲಕ ರೋಬೋಟಿನ ಕೈಗಳಿಂದ ಕೆಟ್ಟ ಮೂತ್ರಕೋಶವನ್ನು ತೆಗೆಯುವುದು, ಅವಳದೇ ಕರುಳಿನ ತುಂಡಿನಿಂದ ಹೊಸ ಕೋಶ ಹೊಲಿಯುವುದು.

“ಮತ್ತೆ ಬಸ್ ಓಡಿಸ್ಬಹುದಾ ಡಾಕ್ಟ್ರೇ?” ಎಂದಳು ಅಕ್ಕ.

“ಓಡಿಸ್ಬಹುದಮ್ಮ. ಆದ್ರೆ ಹೊಸ ಚೀಲಕ್ಕೆ ‘ತುಂಬ್ತು’ ಅಂತ ಹೇಳೋಕೆ ಬರಲ್ಲ. ಗಡಿಯಾರ ನೋಡ್ಕೊಂಡು ನೀವೇ ಹೋಗ್ಬೇಕು.”

“ಇಪ್ಪತ್ತೆರಡು ವರ್ಷದಿಂದ ಅದನ್ನೇ ತಾನೆ ಮಾಡ್ತಿರೋದು!” ಎಂದು ನಕ್ಕಳು.

ತಡಮಾಡುವಂತಿಲ್ಲ ಎಂದಿದ್ದರು ವೈದ್ಯರು. ಆ ವಾರವೇ ನಿಮ್ಮ ಆದೇಶ ಬಂದು ಅವರು ಯಂತ್ರದೊಂದಿಗೆ ಪ್ರದರ್ಶನಕ್ಕೆ ಹೊರಟರು. ಹೊಸ ಕೋಶ ಕಟ್ಟಬಲ್ಲವರು ಆ ಆಸ್ಪತ್ರೆಯಲ್ಲಿ ಅವರೊಬ್ಬರೇ. ಕೇಳಿದಾಗಲೆಲ್ಲ ನಿಮ್ಮ ಕಚೇರಿಯವರು “ಮುಂದಿನ ವಾರ ಬಂದ್ಬಿಡ್ತಾರೆ” ಎಂದು ಮೂಗಿಗೆ ತುಪ್ಪ ಸವರಿದರು. ನಂಬಿದ ಮೂರ್ಖಳು ನಾನು. ಬೇರೆ ಊರಿಗಾದರೂ ಕರೆದೊಯ್ಯಬಹುದಿತ್ತು.

ಹತ್ತನೆಯ ವಾರ ನಾವೇ ಆ ಮಳಿಗೆಗೆ ಹೋದೆವು. ಅಕ್ಕ ಎರಡು ಗಂಟೆ ಸಾಲಿನಲ್ಲಿ ನಿಂತಳು. ನಡುವೆ ಮೂರು ಸಲ ಶೌಚಾಲಯಕ್ಕೆ ಓಡಿದಳು. ಒಳಗೆ ವೈದ್ಯರು ರೋಬೋಟಿನಿಂದ ದ್ರಾಕ್ಷಿಯ ಸಿಪ್ಪೆ ಸುಲಿದು ಮತ್ತೆ ಹೊಲಿಯುತ್ತಿದ್ದರು. ಮೊದಲ ಸಾಲಿನ ಸೋಫಾದಿಂದ ಮೊದಲು ಚಪ್ಪಾಳೆ ತಟ್ಟಿದವರು ನೀವು. ಎಂಥ ರಸಿಕತೆ! ದ್ರಾಕ್ಷಿಗೆ ಏನು ಕಾಯಿಲೆಯಿತ್ತು, ಸ್ವಾಮಿ?

ತಲೆಯೆತ್ತಿದ ವೈದ್ಯರು ಅಕ್ಕನನ್ನು ಕಂಡು ದಂಗಾದರು. “ನೀವಿಲ್ಲಿ? ನಿಮ್ಮನ್ನ ಬೇರೆ ಆಸ್ಪತ್ರೆಗೆ ಕಳಿಸಿದೀವಿ ಅಂತ ಇಲಾಖೆಯವರು ಅಂದ್ರಲ್ಲ!”

“ಯಾರೂ ಎಲ್ಲಿಗೂ ಕಳಿಸಿಲ್ಲ. ದ್ರಾಕ್ಷಿದು ಮುಗಿದಿದ್ರೆ ನನ್ನದು ನೋಡ್ತೀರಾ?”

ಅವರು ಆಗಲೇ ಎದ್ದು ಬಂದರು. ಯಂತ್ರವನ್ನು ನೀವು ಬಿಡಲಿಲ್ಲ. ಮುಂದಿನ ವಾರ ಹೊಟ್ಟೆ ಸೀಳಿ ಕೈಯಿಂದಲೇ ಶಸ್ತ್ರಚಿಕಿತ್ಸೆ ಮಾಡಿದರು. ಅಷ್ಟರಲ್ಲಿ ಗಡ್ಡೆ ಕೋಶದ ಬಾಯಿಗೇ ಇಳಿದಿತ್ತು. ಹೊಸ ಕೋಶ ಕೂರಿಸುವ ಹಾಗಿರಲಿಲ್ಲ. ಅಕ್ಕ ಉಳಿದಳು, ಹೊಟ್ಟೆಯ ಹೊರಗೆ ಅಂಟಿಸಿದ ಮೂತ್ರದ ಚೀಲದೊಂದಿಗೆ. ಬಸ್ಸಿನ ಮಾತನ್ನು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ನೀವು ಏನು ಮಾಡಿದಿರಿ? ‘ಅನುಮತಿಯಿಲ್ಲದೆ ಪ್ರದರ್ಶನ ತೊರೆದ ಅಶಿಸ್ತಿಗಾಗಿ’ ವೈದ್ಯರನ್ನೇ ಅಮಾನತು ಮಾಡಿದಿರಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ನಿಮಗೆ ಸಲ್ಲದು. ಬೆಕ್ಕು ಚಪ್ಪಾಳೆ ತಟ್ಟುವುದಿಲ್ಲ.

ಅಮಾನತು ರದ್ದಾಗಲಿ. ಯಂತ್ರ ಸೋಮವಾರದೊಳಗೆ ಆಸ್ಪತ್ರೆಗೆ ಮರಳಲಿ. ಅಕ್ಕ ಮಲಗಿದ್ದ ಮಂಚದಲ್ಲಿ ಈಗ ವೆಲ್ಡರ್ ಒಬ್ಬರು ಅದೇ ಕಾಯಿಲೆಯಿಂದ ಮಲಗಿದ್ದಾರೆ. ಅವರ ಹೆಂಡತಿ ನಿನ್ನೆ ನನ್ನನ್ನು ಕೇಳಿದರು: “ಮುಂದಿನ ವಾರ ಅಂದಿದಾರೆ. ನಂಬಬಹುದಾ?”

ಬೇಡ ಎಂದಿದ್ದೇನೆ. ನನ್ನ ಮಾತನ್ನು ಸುಳ್ಳು ಮಾಡಿ ತೋರಿಸಿ.

ಇಂತಿ,
ನಿಮ್ಮ ಮಾತನ್ನು ನಂಬಿ ಅಕ್ಕನಿಗೆ ಹನ್ನೊಂದು ವಾರ ಸುಳ್ಳು ಧೈರ್ಯ ಹೇಳಿದ ತಂಗಿ