ಪ್ರತಿ ಬೆಳಿಗ್ಗೆ ಅರವತ್ತು

ಬಲರಾಟ್
೯ ಮೇ

ನನ್ನ ನಾಡಿ ಹಿಡಿದಿದ್ದ ಮಹಾಶಯ ಡರ್ಮಟ್‌ಗೆ,

ನೀನು ಟಾಸ್ಮೇನಿಯಾದಿಂದ ಕಳಿಸಿದ ವಿಚ್ಛೇದನದ ಕಾಗದಗಳಿಗೆ ಸಹಿ ಹಾಕಿದ್ದೇನೆ. ಲಕೋಟೆಯಲ್ಲಿ ಜಾಗ ಉಳಿದಿತ್ತು. ಅದಕ್ಕೇ ಈ ಪತ್ರ.

ನೀನು ನನ್ನ ಕೈ ಹಿಡಿದದ್ದು ಮದುವೆಯ ದಿನ ಒಮ್ಮೆ. ಆಮೇಲೆ ಹನ್ನೊಂದು ವರ್ಷ ದಿನಾ ಬೆಳಿಗ್ಗೆ, ನಾಡಿ ಎಣಿಸಲು. ನಾನು ಕಾಲು ನೆಲಕ್ಕಿಡುವ ಮೊದಲೇ ಒಂದು ನಿಮಿಷ. "ಅಲ್ಲಾಡ್ಬೇಡ ಕಣೇ ಮೆರಿನ್, ಲೆಕ್ಕ ತಪ್ಪತ್ತೆ" ಎನ್ನುತ್ತಿದ್ದೆ ನೀನು. ಸಂಖ್ಯೆ ಗೋಡೆಯ ಕ್ಯಾಲೆಂಡರಿಗೆ. ಹಿಂದಿನ ದಿನ ರೇಸಿನ ತಯಾರಿಗೆ ಸೈಕಲ್ಲಿನಲ್ಲಿ ಗುಡ್ಡ ಹತ್ತಿದ ದೇಹ ಸುಧಾರಿಸಿಕೊಂಡಿದೆಯೇ ಎಂದು ತಿಳಿಯಲು ನಮ್ಮದು ಒಂದೇ ನಿಯಮ: ಬಡಿತ ಮಾಮೂಲಿಗಿಂತ ಏಳು ಹೆಚ್ಚಾದರೆ ಆ ದಿನ ಸೈಕಲ್ ಮುಟ್ಟುವಂತಿಲ್ಲ. ಕಡಿಮೆಯಾದರೆ? ನಿಯಮವೇ ಇರಲಿಲ್ಲ; ಕಡಿಮೆಯಾದರೆ ಕಸುವು ಹೆಚ್ಚಿತೆಂದು ಹಬ್ಬ. ಮೂವತ್ತೆಂಟು ಬಂದ ದಿನ ನೀನು ಬೇಕರಿಯಲ್ಲಿ ಇಡೀ ಸೈಕಲ್ ಕ್ಲಬ್ಬಿಗೆ ವೆನಿಲಾ ಸ್ಲೈಸ್ ಕೊಡಿಸಿದೆ. "ಲೋ, ನಿನ್ ಹೆಂಡ್ತಿ ಎದೇಲಿರೋದು ಹೃದಯಾನೋ, ಕೀಲಿ ಕೊಡೋದು ಮರ್ತ ಗಡಿಯಾರಾನೋ?" ಎಂದು ಕ್ಲಬ್ಬಿನ ಮುದುಕ ಕ್ಲೈವ್ ಕೆಣಕಿದ. ನೀನು ಎದೆಯುಬ್ಬಿಸಿ ನಕ್ಕೆ, ಎದೆ ನನ್ನದಾದರೂ.

ಮೂವತ್ತೊಂದು ಬಂದ ಬೆಳಿಗ್ಗೆ "ಈ ಸಲ ಬನಿನ್ಯಾಂಗ್ ಗುಡ್ಡದ ರೇಸು ನಿಂದೇ ಬಿಡು" ಎಂದೆ ನೀನು. ಅದೇ ರೇಸಿನ ಇಳಿಜಾರಿನಲ್ಲಿ ಕಣ್ಣು ಕತ್ತಲಿಟ್ಟು ಬಿದ್ದೆ; ಆಸ್ಪತ್ರೆಗೆ ಒಯ್ದರು.

ಅದು ಕಸುವಲ್ಲ, ಹೃದಯಕ್ಕೆ ತಾಳ ಹಾಕುವ ಜಾಗವೇ ಸೋತಿದೆ, ತಿಂಗಳುಗಳ ಹಿಂದೆಯೇ ಬರಬೇಕಿತ್ತು ಎಂದರು ಡಾಕ್ಟರಮ್ಮ. ನೀನು ಮನೆಗೆ ಬಂದು ಕ್ಯಾಲೆಂಡರ್ ಸುಟ್ಟುಹಾಕಿದೆ. "ಎಣಿಸ್ತಾ ಎಣಿಸ್ತಾ ನಾನೇ ನಿನ್ನ ಕೊಲ್ತಿದ್ದೆ" ಎಂದು ಹೇಳಿ, ಆ ವಾರವೇ ಟಾಸ್ಮೇನಿಯಾದ ಹಡಗು ಹತ್ತಿದೆ. ಅಲ್ಲಿ ನೀನು ಸೈಕಲ್ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲವಂತೆ, ಕ್ಲೈವ್ ಹೇಳಿದ.

ನನ್ನ ಸೈಕಲ್ ಶೆಡ್ಡಿನ ಕೊಕ್ಕೆಯಲ್ಲಿ ತಲೆಕೆಳಗಾಗಿ ಜೋತಾಡುತ್ತಿದೆ. ರೇಸು ಇನ್ನಿಲ್ಲ. ಕೊರಳೆಲುಬಿನ ಕೆಳಗೆ, ಹೃದಯಕ್ಕೆ ತಾಳ ಹಾಕಲು, ಒಂದು ಯಂತ್ರವಿದೆ. ಈಗಲೂ ಎಚ್ಚರವಾದೊಡನೆ ಅಲ್ಲಾಡದೆ ಎಣಿಸುತ್ತೇನೆ. ದಣಿದು ಮಲಗಿರಲಿ, ನಿದ್ದೆಯೇ ಬಾರದಿರಲಿ, ನೀನು ಕನಸಿನಲ್ಲಿ ಬಂದಿರಲಿ, ಅರವತ್ತು. ಅದಕ್ಕಿಂತ ಕೆಳಗಿಳಿಯಲು ಯಂತ್ರ ಬಿಡದು; ಮೇಲೇರಲು ಹೃದಯಕ್ಕೆ ಕಾರಣ ಸಿಗದು.

ಸಹಿ ಹಾಕಿ ಹಾಕಿ ಕೈ ಪಳಗಿದವಳು,
ಮೆರಿನ್

ತಾ.ಕ.: ಆ ರೇಸಿಗೆ ಮೊದಲು ಮೂರು ಸಲ ಬಚ್ಚಲಲ್ಲಿ ತಲೆಸುತ್ತಿ ಬಿದ್ದಿದ್ದೆ; ನಿನಗೆ ಹೇಳಲಿಲ್ಲ. ಕ್ಯಾಲೆಂಡರಿನ ಚೌಕದಲ್ಲಿ ಸಂಖ್ಯೆಗಷ್ಟೇ ಜಾಗವಿತ್ತು ಎಂದು ತಮಾಷೆ ಮಾಡಬಹುದಿತ್ತು. ನಿಜವೆಂದರೆ, ಹೇಳಿದ್ದರೆ ನೀನು ರೇಸು ಬಿಡಿಸುತ್ತಿದ್ದೆ. ತಪ್ಪೆಲ್ಲ ನಿನ್ನದೆಂದು ನೀನು ಹೊತ್ತು ಹೊರಟಾಗಲೂ ನಾನು ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದೆ. ಇಷ್ಟು ಬರೆದು, ಪೆನ್ನು ಕೆಳಗಿಟ್ಟು, ಎಣಿಸಿ ನೋಡಿದೆ. ಅರವತ್ತೇ.