ಹಕ್ಕಿ ಮುಟ್ಟದ ತೆನೆಗಳು

ಯಾವಗಲ್
ತಾ. ೨೨-೧-೧೯೫೬

ಪ್ರೀತಿಯ ಮನೆಯವರಿಗೆ ಫಕೀರವ್ವನ ನಮಸ್ಕಾರಗಳು.

ಧಾರವಾಡದ ಚಳಿಯಲ್ಲಿ ನಿಮ್ಮ ಕೆಮ್ಮು ಹೇಗಿದೆ? ಕೃಷಿ ಫಾರ್ಮಿನ ಸಾಹೇಬರು ಎಷ್ಟೇ ಬೇಗ ಕೆಲಸಕ್ಕೆ ಕರೆದರೂ ಕಿವಿಗೆ ಮಫ್ಲರ್ ಸುತ್ತಿಕೊಳ್ಳದೆ ಹೋಗಬೇಡಿ. ನಿಮ್ಮನ್ನು ಬಲ್ಲೆ. ಜೋಳದ ತಲೆಗೆ ಚೀಲ ಕಟ್ಟುತ್ತೀರಿ, ನಿಮ್ಮ ತಲೆಗೆ ಮಾತ್ರ ಏನೂ ಕಟ್ಟುವುದಿಲ್ಲ. ಅತ್ತೆ ಆರಾಮಾಗಿದ್ದಾರೆ. ಎಮ್ಮೆ ಈದಿದೆ, ಹೆಣ್ಣುಕರು.

ಈ ವರ್ಷವೂ ಸ್ವಾತಿ ಮಳೆ ಕೈಕೊಟ್ಟಿತು. ಊರವರ ಜೋಳ ಸೊಂಟದೆತ್ತರಕ್ಕೇ ಬಾಡಿ ನಿಂತರೂ ನಿಮ್ಮ ನಾಲ್ಕು ಸಾಲು ಹಸಿರಾಗಿಯೇ ಇದ್ದವು. ಮೂರು ವರ್ಷದ ಹಿಂದೆ, ಒಣಗಿದ ಹೊಲದಲ್ಲಿ ಬಾಡದೆ ನಿಂತಿದ್ದ ಒಂದೇ ಒಂದು ಗಿಡದ ತೆನೆಯನ್ನು ನೀವು ಅಂಗಿಯೊಳಗೆ ಇಟ್ಟುಕೊಂಡು ಬಂದಿರಲ್ಲ, ಅದರ ಮಕ್ಕಳು ಮೊಮ್ಮಕ್ಕಳು ಇವು. ಮಧ್ಯಾಹ್ನ ಬುತ್ತಿ ಇಳಿಸಿ ಬದುವಿನ ಮೇಲೆ ಕೂತರೆ ನನಗೆ ಏಳಲು ಮನಸ್ಸೇ ಆಗುತ್ತಿರಲಿಲ್ಲ. ಬೇರೆ ಜೋಳದ ಹೂಪುಡಿ ಬೆರೆಯದಿರಲೆಂದು ನಿಮ್ಮ ಹಳೆಯ ಧೋತರ ಹರಿದು ನಾನು ಹೊಲಿದ ಚೀಲಗಳು, ನೀವು ಆರಿಸಿದ ಹತ್ತೊಂಬತ್ತು ತೆನೆಗಳ ಮೇಲೆ, ಗಾಳಿಗೆ ಮೆಲ್ಲಗೆ ತಲೆದೂಗುತ್ತಿದ್ದವು. ಬಿಳಿ ಟೊಪ್ಪಿಗೆಯ ಶಾಲೆಯ ಹುಡುಗರ ಹಾಗೆ. ಅರೆಗಣ್ಣು ಮುಚ್ಚಿದರೆ ಸಾಕು, ನರಗುಂದದ ಗುಡ್ಡದವರೆಗೂ ಇದೇ ಹಸಿರು ಕಾಣುತ್ತಿತ್ತು. ಮಳೆ ಬರಲಿ ಬಿಡಲಿ, ಯಾರ ಮನೆಯಲ್ಲೂ ರೊಟ್ಟಿ ತಪ್ಪುವುದಿಲ್ಲ ಅನ್ನಿಸುತ್ತಿತ್ತು. ಹೀಗೆ ಕನಸು ಕಾಣುತ್ತ ಎಮ್ಮೆಗೆ ನೀರು ಕುಡಿಸುವುದನ್ನು ಮರೆತು ಅತ್ತೆಯಿಂದ ಎಷ್ಟೋ ಸಲ ಬೈಸಿಕೊಂಡೆ.

ಈಗ ಹೇಳಲೇಬೇಕು. ಕಳೆದ ಸೋಮವಾರ ಗಜೇಂದ್ರಗಡದಿಂದ ನಿಮ್ಮ ಸೋದರಮಾವ ಹನಮಪ್ಪನವರು ಸೀತನಿ ತಿನ್ನಲು ಬಂದರು. ನಾನು ಮಜ್ಜಿಗೆ, ನಂಚಿಕೊಳ್ಳಲು ಶೇಂಗಾ ಹಿಂಡಿ ಹೊತ್ತು ಹೊಲ ಮುಟ್ಟುವಷ್ಟರಲ್ಲಿ ಕೆಂಡದಲ್ಲಿ ಎಳೆ ತೆನೆ ಸುಡುವ ವಾಸನೆ ಬಂತು. ಬದುವಿನ ಮೇಲೆ ಹತ್ತೊಂಬತ್ತೂ ಚೀಲಗಳನ್ನು ಅತ್ತೆ ಚೊಕ್ಕವಾಗಿ ಮಡಚಿ ಇಟ್ಟಿದ್ದರು. “ಗಿಳಿ ಎಂಜಲ ಮಾಡಿದ ತೆನಿ ನಮ್ಮಣ್ಣಗ ಕೊಡ್ಲೇನ? ಹಕ್ಕಿ ಮುಟ್ಟದ್ದು ಇವು ಅಷ್ಟ ಇದ್ವು. ಮಾವ ಬರ್ತಾನಂತನ ನನ್ನ ಮಗಾ ಕಟ್ಟಿಟ್ಟಾನ” ಎಂದು ಹೆಮ್ಮೆಯಿಂದ ಹೇಳಿದರು. “ಇಂಥಾ ಸೀತನಿ ಜಲಮದಾಗ ತಿಂದಿಲ್ಲ ನೋಡವಾ” ಎಂದು ಮಾವ ನನ್ನ ಕೈಗೂ ಒಂದು ಹಿಡಿ ಹಾಕಿದರು. ರುಚಿಯಾಗಿತ್ತು, ಸುಳ್ಳು ಹೇಳಲಾರೆ. ಅಳುತ್ತಲೇ ತಿಂದೆ. ಹಿಂಡಿ ಖಾರವಾಗಿದೆ ಎಂದುಕೊಂಡರು.

ಸಾಲಿನಲ್ಲಿ ಉಳಿದ ತೆನೆಗಳನ್ನು ಗಿಳಿಗಳು ಬರಿದು ಮಾಡಿವೆ. ಮನೆಯಲ್ಲೂ ಆ ಬೀಜದ ಒಂದು ಕಾಳೂ ಇಲ್ಲ, ಇದ್ದದ್ದನ್ನೆಲ್ಲ ಬಿತ್ತಿದ್ದೆವು. ಬೇಸಿಗೆಯೊಳಗೆ ಒಂದು ಸೇರು ತಂದುಕೊಟ್ಟರೆ ಫಾರ್ಮಿನಲ್ಲಿ ಬಿತ್ತಿ ನೋಡುತ್ತೇವೆಂದು ಸಾಹೇಬರು ನಿಮಗೆ ಮಾತು ಕೊಟ್ಟದ್ದನ್ನು ಆಮೇಲೆ ಅತ್ತೆಗೆ ತಿಳಿಸಿದೆ. “ಮೂರು ವರ್ಷ ಮಗಾ ಸಾಕಿದ್ದನ್ನ ನಾ ಸುಟ್ಟು ತಿಂದ್ನೆಲ್ಲ” ಎಂದು ಎರಡು ದಿನ ರೊಟ್ಟಿ ಮುಟ್ಟಲಿಲ್ಲ. ಬೈಯುವುದಿದ್ದರೆ ನನ್ನನ್ನು ಬೈಯಿರಿ. ಚೀಲ ಯಾಕೆ ಕಟ್ಟಿದ್ದೆಂದು ಅವರಿಗೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಮುಖ ತೋರಿಸಲು ಮಾತ್ರ ಅಂಜುತ್ತಾರೆ.

ನಿಮ್ಮ ದಾರಿ ನೋಡುವ
ಫಕೀರವ್ವ

ತಾ.ಕ.: ಟಪಾಲಿನವ ಬಾಗಿಲಲ್ಲಿ ನಿಂತಿದ್ದಾನೆ. ಹೊಳೆಮಣ್ಣೂರಿನಿಂದ ನಿಮ್ಮ ತಂಗಿ ಕರೆವ್ವ ಈಗಷ್ಟೇ ಬಂದಳು. ಪಂಚಮಿ ಮುಗಿಸಿ ಅವಳನ್ನು ಗಂಡನ ಮನೆಗೆ ಕಳಿಸುವಾಗ, ಉಡಿ ತುಂಬಲು ಅಕ್ಕಿ ಸಾಲದೆ ಅತ್ತೆ ನಿಮ್ಮ ಬೀಜದ ಗಡಿಗೆಯಿಂದ ಎರಡು ಬೊಗಸೆ ಜೋಳ ಹಾಕಿದ್ದರಂತೆ. ಬೀಜ ಕಡಿಮೆಯಾಯಿತೆಂದು ನೀವು ಬೋನು ಇಟ್ಟಿರಲ್ಲ, ಆ ಇಲಿ ಅತ್ತೆಯೇ! ತವರಿನ ಉಡಿಯ ಕಾಳು ಬೀಸಲು ಮನಸ್ಸಾಗದೆ ಕರೆವ್ವ ಅದನ್ನು ಹೊಳೆಯಿಂದ ದೂರದ ಎರೆಹೊಲದಲ್ಲಿ ಬಿತ್ತಿದ್ದಾಳೆ. ಮಳೆಯಿಲ್ಲದೆಯೂ ಬಾಡದೆ ತೆನೆ ಹಿಡಿದಿದೆಯಂತೆ. ಚೀಲ ಕಟ್ಟಿಲ್ಲ, ಅಷ್ಟಿಷ್ಟು ಬೆರಕೆಯಾಗಿದ್ದೀತು. ರಾಶಿ ಮಾಡುವ ಮೊದಲು ಬಂದು ನಿಮಗೆ ಬೇಕಾದ ತೆನೆ ಆರಿಸಿಕೊಳ್ಳಿ. ಆದರೆ ಅಲ್ಲಿ ಆಗಲೇ ಮೂರು ಮನೆಯವರು ಬೀಜಕ್ಕೆ ಕೇಳಿದ್ದಾರೆ. “ಕೊಡ್ಲೋ ಬ್ಯಾಡೋ, ಅಣ್ಣನ ಕೇಳಿ ಹೇಳ ವೈನಿ” ಎಂದಳು. ನಿಮ್ಮ ಉತ್ತರಕ್ಕೆ ನಾನು ಕಾಯಲಿಲ್ಲ. ಕೊಡು ಎಂದುಬಿಟ್ಟೆ.